ಎರಡು ಗುಂಡಿನ ಪಿಸ್ತೂಲು

೧೪ ಸೆಪ್ಟೆಂಬರ್ ೨೦೨೪

ಮಾವನವರಿಗೆ,

ಈ ಕಾಗದ ನಿಮ್ಮ ಫ್ರೀಮಾಂಟ್‌ನ ಖಾಸಿಂ ಸಾಹೇಬರ ಗ್ರೋಸರಿ ಅಂಗಡಿಗೆ ಬಂದದ್ದು ಕಂಡು ನಿಮಗೆ ಗಾಬರಿಯಾಗಬಹುದು. ನೀವು ದಿನಾ ಬೆಳಿಗ್ಗೆ ವಾಕಿಂಗು ಮುಗಿಸಿ ಅಲ್ಲಿ ಕೂತು ಚಹಾ ಕುಡಿಯುತ್ತೀರಿ ಎಂದು ಗೊತ್ತಿದ್ದರಿಂದ ಅಲ್ಲಿಗೇ ಬರೆದೆ. ಮನೆಗೆ ಬರೆದರೆ ಲೋಹಿತ್ ಕೈಗೆ ಸಿಗುತ್ತದೆ. ಫೋನು ಮಾಡುವ ಹಾಗಿಲ್ಲ. ನಿಮ್ಮ ಫೋನಿನ ಬಿಲ್ಲು ಅವನ ಹೆಸರಿನಲ್ಲಿದೆ, ಯಾವ ನಂಬರಿನಿಂದ ಕರೆ ಬಂತು ಎಂದು ಕೂತು ನೋಡುತ್ತಾನೆ. ಲಕೋಟೆಯ ಮೇಲಿರುವುದು ನಾನಿರುವ ಜಾಗವಲ್ಲ, ನನ್ನಂಥ ಹೆಂಗಸರಿಗೆ ಇಲ್ಲಿನ ಸರ್ಕಾರ ಕೊಡುವ ವಿಳಾಸ. ಅಲ್ಲಿಗೆ ಬರೆದರೆ ಅವರು ನನಗೆ ತಲುಪಿಸುತ್ತಾರೆ, ಹತ್ತು ದಿನ ಹಿಡಿಯಬಹುದು.

ಮಗಳು ನಿಸರ್ಗಾಳನ್ನು ಕರೆದುಕೊಂಡು ನಿಮ್ಮ ಮಗನ ಮನೆ ಬಿಟ್ಟು ಎರಡು ತಿಂಗಳಾಯಿತು. ಅವನು ನಮ್ಮಿಂದ ನೂರು ಗಜ ದೂರವಿರಬೇಕು, ಇರುವ ಬಂದೂಕನ್ನು ಪೊಲೀಸರಿಗೆ ಒಪ್ಪಿಸಬೇಕು ಎಂದು ಕೋರ್ಟು ತಾತ್ಕಾಲಿಕವಾಗಿ ಹೇಳಿದೆ. ಆ ಕಪ್ಪು ಪಿಸ್ತೂಲನ್ನು ಅವನು ಒಪ್ಪಿಸಿದ, ರಸೀದಿಯೂ ಕೋರ್ಟಿಗೆ ಬಂತು. ಕಾಗದದ ಪ್ರಕಾರ ನಾನು ನಿಶ್ಚಿಂತೆಯಿಂದ ಇರಬೇಕು. ಆದರೆ ಮಂಗಳವಾರ ಸಂಜೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲ್ಯಾಬಿನಿಂದ ಹೊರಬಂದಾಗ ರಸ್ತೆಯ ಆಚೆ ಅವನ ಕಾರಿತ್ತು. ನಮ್ಮ ಗೇಟಿನ ಸೆಕ್ಯುರಿಟಿಯವನು ಹೋಗಿ ನೋಡಿ ಬಂದು, ಕಾರು ನೂರು ಗಜಕ್ಕಿಂತ ದೂರವೇ ಇದೆ ಮೇಡಂ ಅಂದ. ಅಳೆದು ನಿಲ್ಲಿಸಿದ್ದಾನೆ ಮಾವ.

ನನಗೊಂದು ಬಂದೂಕು ಬೇಕು. ಅಂಗಡಿಯಲ್ಲಿ ಡೆರಿಂಜರ್ ಅಂತ ಒಂದನ್ನು ತೋರಿಸಿದರು. ಅಂಗೈಯಷ್ಟು ಪಿಸ್ತೂಲು, ಒಂದರ ಮೇಲೊಂದು ಎರಡು ನಳಿಗೆ, ಎರಡೇ ಗುಂಡು. ಇರುವುದರಲ್ಲೆಲ್ಲ ಅಗ್ಗ. ನನ್ನ ಬಲಗೈ ಮಣಿಕಟ್ಟು ಸರಿಯಾಗಿ ಕೂಡಿಕೊಂಡಿಲ್ಲ, ಬೇರೆ ಪಿಸ್ತೂಲುಗಳನ್ನು ಹಿಂದಕ್ಕೆಳೆದು ಗುಂಡು ಏರಿಸಲು ಆಗುವುದಿಲ್ಲ. ಇದಕ್ಕೆ ಅದು ಬೇಕಿಲ್ಲವಂತೆ. ನೀವು ಜೀವಮಾನವೆಲ್ಲ ಬಂದೂಕು ಬಿಚ್ಚಿ ಜೋಡಿಸಿದವರು. ಇದು ಕೆಲಸಕ್ಕೆ ಬರುತ್ತದೆಯೇ?

ಯಾರನ್ನು ಏನು ಕೇಳುತ್ತಿದ್ದೇನೆ ಎಂಬ ಅರಿವು ನನಗಿದೆ. ಕೇಳಲು ಬೇರೆ ಯಾರೂ ಇಲ್ಲ.

ರಂಜನಿ

೨ ಅಕ್ಟೋಬರ್ ೨೦೨೪

ರಂಜನಿಗೆ,

ನಿನ್ನ ಕಾಗದವನ್ನು ಖಾಸಿಂ ಹದಿನೆಂಟನೇ ತಾರೀಕೇ ಕೈಗೆ ಕೊಟ್ಟ. ಉತ್ತರ ಬರೆಯಬಾರದೆಂದು ಎರಡು ವಾರ ಸುಮ್ಮನಿದ್ದೆ. ಮಗನ ಮೇಲೆ ಹಾರಿಸಲು ಯಾವ ಪಿಸ್ತೂಲು ಒಳ್ಳೆಯದು ಎಂದು ಅವನನ್ನು ಹೆತ್ತವನನ್ನು ಕೇಳಿದ್ದೀಯ. ನಿಮ್ಮತ್ತೆ ಗೌರಮ್ಮನಿಗೆ ಹೇಳಿಲ್ಲ.

ಆದರೂ ಬಂದೂಕಿನ ವಿಷಯದಲ್ಲಿ ತಪ್ಪು ಹೇಳುವುದು ನನ್ನಿಂದಾಗದು. ಮಂಡ್ಯದ ಪೊಲೀಸ್ ಆರ್ಮರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದೇನೆ. ಒಬ್ಬ ಲಾರಿ ಮಾಲೀಕನಿಂದ ಜಪ್ತಿ ಮಾಡಿದ ಇಂಥದೇ ಪಿಸ್ತೂಲು ಪರೀಕ್ಷೆಗೆ ನನ್ನ ಮೇಜಿಗೆ ಬಂದಿತ್ತು. ಹತ್ತು ಹೆಜ್ಜೆಯಿಂದ ಆಳೆತ್ತರದ ಹಲಗೆಗೆ ಆರು ಗುಂಡು ಹಾರಿಸಿದೆ. ಎರಡು ತಗುಲಿದವು. ಮೇಲಿನ ನಳಿಗೆಯದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹೋಗುತ್ತಿತ್ತು. ಮೂರು ಹೆಜ್ಜೆಗೆ ಬಂದ ಮೇಲೆ ಎಲ್ಲವೂ ತಗುಲಿದವು. ಟ್ರಿಗರ್ ಕಲ್ಲಿನಂತೆ ಬಿಗಿ. ಹಿಡಿ ಚಿಕ್ಕದಾದ್ದರಿಂದ ಹಾರಿದಾಗ ಕೈಗೆ ಬಡಿಯುವ ಪೆಟ್ಟು ದೊಡ್ಡದು. ಪ್ರತಿ ಗುಂಡಿಗೂ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು. ಎರಡು ಮುಗಿದರೆ ನಳಿಗೆ ಮಡಚಿ ಮತ್ತೆ ತುಂಬುವಷ್ಟು ಪುರುಸೊತ್ತನ್ನು ಎದುರಿನವನು ಕೊಡುವುದಿಲ್ಲ. ಅಗ್ಗದ್ದಾದರೆ ಲೋಹವೂ ಮೆದು, ಕೆಳಗೆ ಬಿದ್ದರೆ ತಾನಾಗಿ ಹಾರುವುದೂ ಉಂಟು. ಮಗುವಿರುವ ಮನೆಯಲ್ಲಿ ಅದನ್ನು ಇಡಬಾರದು.

ಹಾಗೆಂದು ಅದು ಆಟದ ಸಾಮಾನಲ್ಲ. ದೊಡ್ಡ ಬಂದೂಕಿದ್ದವನು ಅದು ಕೈಕೊಟ್ಟರೆ, ಯಾರಾದರೂ ಕಿತ್ತುಕೊಂಡರೆ ಇರಲಿ ಎಂದು ಜೇಬಿನಲ್ಲಿಡುವ ಎರಡನೆಯ ಬಂದೂಕು ಅದು. ತೀರ ಹತ್ತಿರಕ್ಕೆ ಮಾತ್ರ. ಮೊದಲನೆಯದೇ ಇಲ್ಲದವಳಿಗೆ ಎರಡನೆಯದು ಏಕೆ?

ಲೋಹಿತ ತನ್ನ ಪಿಸ್ತೂಲನ್ನು ಒಪ್ಪಿಸಿ ಬಂದ ದಿನ ನಾನೇ ಜೊತೆಗಿದ್ದೆ. ಮನೆಯಲ್ಲಿ ಈಗ ಏನೂ ಇಲ್ಲ. ಕೋಪಿಷ್ಠ ನಿಜ, ಕೊಲ್ಲುವವನಲ್ಲ. ಈ ಯೋಚನೆ ಬಿಡು.

ಚೆಲುವರಾಜು

೧೯ ಅಕ್ಟೋಬರ್ ೨೦೨೪

ಮಾವನವರಿಗೆ,

ಉತ್ತರ ಬಂತಲ್ಲ, ಅದೇ ದೊಡ್ಡದು.

ಅದು ತೀರ ಹತ್ತಿರಕ್ಕೆ ಮಾತ್ರ ಅಂತ ಬರೆದಿದ್ದೀರಿ. ನಿಮ್ಮ ಮಗ ದೂರದಿಂದ ನನಗೆ ಎಂದೂ ಏನೂ ಮಾಡಿಲ್ಲ ಮಾವ. ಮಾಡಿದ್ದೆಲ್ಲ ಅಡುಗೆಮನೆಯಲ್ಲಿ, ಬಟ್ಟೆ ಮಡಚುವಾಗ, ಕಾರಿನಲ್ಲಿ ಪಕ್ಕದ ಸೀಟಿನಿಂದ.

ಕೋಪಿಷ್ಠ, ಕೊಲ್ಲುವವನಲ್ಲ ಅಂತಲೂ ಬರೆದಿದ್ದೀರಿ. ಜುಲೈನ ಆ ಭಾನುವಾರ ಮಧ್ಯಾಹ್ನ ನೀವು, ಅತ್ತೆ ಊಟ ಮುಗಿಸಿ ಮೇಲಕ್ಕೆ ಹೋಗಿದ್ದಿರಿ. ನಿಸರ್ಗಾ ಇನ್ನೂ ಮೊಸರನ್ನ ತಿನ್ನುತ್ತಿದ್ದಳು. ಅವನು ಪಿಸ್ತೂಲು ತಂದು ಅವಳ ತಟ್ಟೆಯ ಪಕ್ಕದಲ್ಲಿಟ್ಟು, ನಿಮ್ಮಮ್ಮ ಮನೆ ಬಿಟ್ಟು ಹೋಗ್ತಾಳಾ ಕೇಳು ಅಂದ. ಅವಳು ಅದನ್ನು ಒಂದು ಬೆರಳಿನಿಂದ ಆಚೆಗೆ ತಳ್ಳಿ ತಿನ್ನುವುದನ್ನು ಮುಂದುವರಿಸಿದಳು. ಆರು ವರ್ಷದ ಮಗು ಅದಕ್ಕೆ ಅಳಲಿಲ್ಲ. ಅಳಲಿಲ್ಲವಲ್ಲ ಅಂತಲೇ ನಾನು ಮರುದಿನ ಹೊರಟದ್ದು.

ಇನ್ನು ನನ್ನ ಮಣಿಕಟ್ಟು. ಮಾರ್ಚಿನಲ್ಲಿ ಅವನು ಅದನ್ನು ತಿರುಚಿದಾಗ ಆಸ್ಪತ್ರೆಗೆ ನೀವೂ ಬಂದಿರಿ. ಡಾಕ್ಟರು ನನ್ನನ್ನು ಕೇಳಿದರು, ನಾನು ಬಾಯಿ ತೆರೆಯುವ ಮೊದಲೇ ನೀವು 'ಸ್ಲಿಪ್, ಸ್ಲಿಪ್, ಸ್ಟೆಪ್ಸ್' ಅಂದಿರಿ. ನಿಮಗೆ ಬರುವ ಇಂಗ್ಲಿಷು ಅಷ್ಟೇ, ಅದನ್ನೂ ಅದಕ್ಕೇ ಬಳಸಿದಿರಿ. ಡಾಕ್ಟರು ನಿಮ್ಮ ಬಿಳಿ ಕೂದಲು ನೋಡಿ ನಂಬಿದರು. ನಾನೂ ಹೂಂ ಅಂದೆ. ಆ ಹೂಂ ಈಗ ನನ್ನ ಫೈಲಿನಲ್ಲಿದೆ. ಹೆಂಡತಿ ಮೆಟ್ಟಿಲಿನಿಂದ ಜಾರಿದ್ದು ಅಂತ ಲೋಹಿತ್‌ನ ಲಾಯರು ಅದನ್ನೇ ಎತ್ತಿ ತೋರಿಸುತ್ತಾರೆ.

ಬಂದೂಕು ಕೊಳ್ಳುವುದಕ್ಕೆ ಬೇಕಾದ ಪರೀಕ್ಷೆ ಬರೆದು ಪಾಸಾದೆ. ಡೆರಿಂಜರ್‌ಗೇ ಅರ್ಜಿ ಹಾಕಿದ್ದೇನೆ. ಹತ್ತು ದಿನ ಕಾದ ಮೇಲೆ ಕೊಡುತ್ತಾರಂತೆ. ಮೊದಲ ಬಂದೂಕು ಎಲ್ಲಿ ಅಂತ ಕೇಳಿದಿರಿ. ನೀವು ನನ್ನ ಪರ ಒಂದು ಮಾತಾಡಿದ್ದರೆ ಅದೇ ನನ್ನ ಮೊದಲ ಬಂದೂಕಾಗುತ್ತಿತ್ತು.

ರಂಜನಿ

೯ ನವೆಂಬರ್ ೨೦೨೪

ರಂಜನಿಗೆ,

ಆಸ್ಪತ್ರೆಯ ವಿಷಯ ನೀನು ಬರೆದದ್ದು ನಿಜ.

ಈಗ ಬರೆಯುತ್ತಿರುವುದನ್ನು ಕೂತು ಓದು. ಸೋಮವಾರ ಲೋಹಿತ ಪಾಲೋ ಆಲ್ಟೋದ ಆಫೀಸಿಗೆ ರೈಲಿನಲ್ಲಿ ಹೋದ. ಕಾರು ಗ್ಯಾರೇಜಿನಲ್ಲಿತ್ತು. ಒರೆಸೋಣವೆಂದು ಬಾಗಿಲು ತೆಗೆದೆ. ಡ್ರೈವರ್ ಸೀಟಿನ ಕೆಳಗೆ ಕನ್ನಡಕದ ಡಬ್ಬಿ ಸಿಕ್ಕಿತು. ಲೋಹಿತ ಕನ್ನಡಕ ಹಾಕುವವನಲ್ಲ. ಎತ್ತಿದ ಕೂಡಲೇ ತೂಕದಿಂದಲೇ ನನ್ನ ಕೈಗೆ ಗೊತ್ತಾಯಿತು. ಒಳಗೆ ನೀನು ಬರೆದಂಥದೇ ಡೆರಿಂಜರ್. ಎರಡೂ ನಳಿಗೆಯಲ್ಲಿ ಗುಂಡಿತ್ತು. ಜೊತೆಗೆ ನೆವಾಡಾದ ರೀನೋ ಊರಿನ ಒಂದು ಹೋಟೆಲಿನ ಚೀಟಿ, ಆಗಸ್ಟಿನದು. ನೀನು ಮನೆ ಬಿಟ್ಟ ಮೇಲಿನ ತಿಂಗಳು. ಗೆಳೆಯರ ಜೊತೆ ಸುತ್ತಾಡಲು ಎಂದು ಹೋಗಿದ್ದ. ಅಲ್ಲಿ ಯಾರಿಂದಲೋ ಕಾಗದಪತ್ರವಿಲ್ಲದೆ ಕೊಂಡಿದ್ದಾನೆ.

ಆ ಸಂಜೆ ಊಟಕ್ಕೆ ಕೂತಾಗ, ಇನ್ನೇನಾದರೂ ಬಂದೂಕು ಇಟ್ಟುಕೊಂಡಿದ್ದೀಯೇನಪ್ಪ ಎಂದು ಸುಮ್ಮನೆ ಕೇಳುವವನಂತೆ ಕೇಳಿದೆ. ಇಲ್ಲ, ಕೊಟ್ಟಾಯ್ತಲ್ಲ ಅಂದ. ಮುದ್ದೆ ಮುರಿಯುತ್ತಿದ್ದವನು ತಲೆ ಕೂಡ ಎತ್ತಲಿಲ್ಲ.

ಅದು ಏತಕ್ಕೆ ಉಪಯೋಗ ಎಂದು ನೀನು ಕೇಳಿದಾಗ ನಾನು ಕೆಲಸದವನಂತೆ ಉತ್ತರ ಬರೆದೆ. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಬೇರೆ ಉತ್ತರ ಹೊಳೆಯಿತು. ಕಳ್ಳನನ್ನು ದೂರ ನಿಲ್ಲಿಸಲು ಅದರಿಂದಾಗದು. ಎದುರಿನವರು ನಮ್ಮನ್ನು ಮೂರು ಹೆಜ್ಜೆಯೊಳಗೆ ಬಿಟ್ಟುಕೊಳ್ಳಬೇಕು. ಅಷ್ಟು ಹತ್ತಿರ ಬಿಟ್ಟುಕೊಳ್ಳುವವರು ಹೆಂಡತಿ, ಮಗು, ಅಪ್ಪ, ಅವ್ವ. ಇಂಥವರೇ.

ಕೈ ಕೆಲಸ ಮರೆತಿರಲಿಲ್ಲ. ಮರುದಿನ ಅವನು ಹೋದ ಮೇಲೆ ಗುಂಡು ತೆಗೆದು, ಪಿಸ್ತೂಲು ಬಿಚ್ಚಿ, ಗುಂಡಿನ ಬೆನ್ನಿಗೆ ಬಡಿಯುವ ಎರಡು ಫೈರಿಂಗ್ ಪಿನ್ನುಗಳನ್ನೂ ಅರದಿಂದ ಸವೆಸಿದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹ್ಯಾಮರ್ ಬೀಳುತ್ತದೆ, ಸದ್ದಾಗುತ್ತದೆ, ಗುಂಡು ಹಾರುವುದಿಲ್ಲ. ಗುಂಡು ಮತ್ತೆ ತುಂಬಿ ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಇನ್ನು ನೀನು ಹೆದರಬೇಕಿಲ್ಲ. ಇದನ್ನು ಯಾರಿಗೂ ಹೇಳಬೇಡ. ಕೋರ್ಟಿಗೆ ತಿಳಿದರೆ ಅವನು ಜೈಲು ಸೇರುತ್ತಾನೆ.

ಚೆಲುವರಾಜು

೨೨ ನವೆಂಬರ್ ೨೦೨೪

ಮಾವನವರಿಗೆ,

ನಿಮ್ಮ ಕಾಗದ ಇವತ್ತು ಸಿಕ್ಕಿತು. ಹದಿಮೂರು ದಿನ. ಆ ಹದಿಮೂರು ದಿನವೂ ಅವನ ಕಾರಿನಲ್ಲಿ ಅದಿತ್ತು, ನಾನು ದಿನಾ ಲ್ಯಾಬಿಗೆ ಹೋಗಿ ಬಂದೆ. ಇವತ್ತಿನಿಂದ ಹೋಗುತ್ತಿಲ್ಲ.

ಹೆದರಬೇಕಿಲ್ಲ ಅಂತ ಹೇಗೆ ಬರೆದಿರಿ? ನೀವು ಕೆಡಿಸಿದ್ದು ಒಂದು ಪಿಸ್ತೂಲನ್ನು. ನಿಮ್ಮ ಮಗನಿಗೆ ರೀನೋದ ದಾರಿ ಗೊತ್ತಿದೆ. ಒಂದು ದಿನ ಗುಡ್ಡದ ಕಡೆ ಹೋಗಿ ಹಾರಿಸಿ ನೋಡಿದರೆ ಸಾಕು, ಇನ್ನೊಂದು ತರುತ್ತಾನೆ.

ಡಿಸೆಂಬರ್ ಹದಿನೆಂಟಕ್ಕೆ ಹೇವರ್ಡ್‌ನ ಕೋರ್ಟಿನಲ್ಲಿ ವಿಚಾರಣೆಯಿದೆ. ತಾತ್ಕಾಲಿಕ ಆದೇಶ ಐದು ವರ್ಷಕ್ಕೆ ಮುಂದುವರಿಯಬೇಕೋ ಬೇಡವೋ ಎಂದು ಅಂದು ತೀರ್ಮಾನ. ಕಕ್ಷಿದಾರ ಬಂದೂಕು ಒಪ್ಪಿಸಿ ಶಾಂತವಾಗಿದ್ದಾರೆ, ಮಗಳನ್ನು ವಾರಾಂತ್ಯಕ್ಕೆ ಅವರೊಬ್ಬರ ಜೊತೆ ಕಳಿಸಬೇಕು ಅಂತ ಅವನ ಲಾಯರು ಕೇಳಿದ್ದಾರೆ. ಕೊಟ್ಟುಬಿಟ್ಟರೆ ನಿಸರ್ಗಾ ಆ ಕಾರಿನಲ್ಲೇ ಕೂರುತ್ತಾಳೆ, ಆ ಸೀಟಿನ ಹಿಂದೆ.

ಅರ್ಜಿ ಹಾಕಿದ್ದನ್ನು ಇನ್ನೂ ತಂದಿಲ್ಲ. ಹೋದ ವಾರ ನಾನು ಬಾಡಿಗೆಗೆ ಪಿಸ್ತೂಲು ಕೊಡುವ ಶೂಟಿಂಗ್ ರೇಂಜಿಗೆ ಹೋಗಿ ಡೆರಿಂಜರ್ ಹಾರಿಸಿ ನೋಡಿದೆ. ಎರಡೂ ಗುಂಡು ಗುರಿಯ ಕಾಗದಕ್ಕೇ ತಗುಲಲಿಲ್ಲ. ಕೈ ಮಣಿಕಟ್ಟಿನವರೆಗೆ ಊದಿಕೊಂಡಿತು. ನೀವು ಹೇಳಿದ್ದೆಲ್ಲ ಸರಿಯಾಗಿತ್ತು. ಹಾಗಾದರೆ ನಾನು ಏನು ಹಿಡಿದುಕೊಳ್ಳಲಿ? ಹೇಳಿ.

ನೀವು ಬಂದು ಕಂಡದ್ದನ್ನು ಹೇಳಬೇಕು. ಬೇರೇನೂ ಕೇಳುವುದಿಲ್ಲ. ನೀವು ಬರದಿದ್ದರೆ ನಿಮ್ಮ ಈ ಕಾಗದವನ್ನೇ ಲಾಯರಿಗೆ ಕೊಡುತ್ತೇನೆ. ಕೊಡಬಾರದು ಅಂತ ಇವತ್ತೆಲ್ಲ ಅತ್ತಿದ್ದೇನೆ, ಆದರೂ ಕೊಡುತ್ತೇನೆ.

ರಂಜನಿ

೪ ಡಿಸೆಂಬರ್ ೨೦೨೪

ರಂಜನಿಗೆ,

ಇದನ್ನು ಖಾಸಿಂನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕಿ ಮೂಟೆಗಳ ನಡುವೆ ಕೂತು ಬರೆಯುತ್ತಿದ್ದೇನೆ. ಭಾನುವಾರದಿಂದ ಇಲ್ಲಿಯೇ ಇದ್ದೇನೆ. ನಿನ್ನ ಲಾಯರಿಗೆ ಪೊಲೀಸರು ಸುದ್ದಿ ಮುಟ್ಟಿಸಿರುತ್ತಾರೆ. ಆದರೂ ನಡೆದದ್ದನ್ನು ನನ್ನಿಂದ ಕೇಳಬೇಕು.

ಕೋರ್ಟಿಗೆ ಬರುತ್ತೇನೆ ಎಂದು ನಿಶ್ಚಯ ಮಾಡಿದೆ. ಮಗನಿಗೆ ಹೇಳದೆ ಹೋಗಿ ಸಾಕ್ಷಿ ಕಟ್ಟೆ ಹತ್ತುವುದು ನನಗೆ ಸರಿಕಾಣಲಿಲ್ಲ. ಅದು ದಡ್ಡತನ ಎಂದು ಖಾಸಿಂ ಆಮೇಲೆ ಬೈದ. ಭಾನುವಾರ ಬೆಳಿಗ್ಗೆ ಗೌರಮ್ಮ ಪಕ್ಕದ ಮನೆಯವರ ಜೊತೆ ದೇವಸ್ಥಾನಕ್ಕೆ ಹೋಗಿದ್ದಳು. ಲೋಹಿತ ಗ್ಯಾರೇಜಿನಲ್ಲಿದ್ದ. ನಿನ್ನ ಸೀಟಿನ ಕೆಳಗಿರುವುದನ್ನು ನೋಡಿದ್ದೇನೆ, ಹದಿನೆಂಟನೇ ತಾರೀಕು ಅದನ್ನು ಜಡ್ಜಿಗೆ ಹೇಳುತ್ತೇನೆ, ಅದಕ್ಕೆ ಮೊದಲು ನೀನೇ ಒಪ್ಪಿಸಿಬಿಡು ಎಂದೆ.

ಮೊದಲು ಅತ್ತ. ನನ್ನ ಕಾಲು ಹಿಡಿದ. ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ನೀವಿಬ್ಬರೂ ಎಲ್ಲಿಗೆ ಹೋಗುತ್ತೀರಿ ಎಂದ. ನಾನು ಮಾತು ಬದಲಿಸಲಿಲ್ಲ. ಅವನು ಎದ್ದು ಕಾರಿನ ಬಾಗಿಲು ತೆಗೆದು ಡಬ್ಬಿ ಹೊರತೆಗೆದ. ಕೊಡಲು ಬರುತ್ತಿದ್ದಾನೆ ಎಂದು ನಾನು ಕೈ ಚಾಚಿದೆ.

ಹ್ಯಾಮರ್ ಎಳೆದು ನನ್ನ ಎದೆಗೆ ಹಿಡಿದು ಟ್ರಿಗರ್ ಒತ್ತಿದ. ಟಕ್ ಎಂದಿತು. ಪಿನ್ನು ಸವೆಸಿದವನು ನಾನೇ, ಹಾರುವುದಿಲ್ಲ ಎಂದು ನನಗೆ ಗೊತ್ತು, ಆದರೂ ಕಣ್ಣು ಮುಚ್ಚಿದ್ದೆ. ಅವನಿಗೆ ಗೊತ್ತಿರಲಿಲ್ಲ. ಅವನ ಮಟ್ಟಿಗೆ ಅದು ಹಾರುವ ಪಿಸ್ತೂಲೇ. ನಾನು ಕಣ್ಣು ಬಿಡುವಷ್ಟರಲ್ಲಿ ಹ್ಯಾಮರ್ ಮತ್ತೆ ಎಳೆದು ತನ್ನ ಹಣೆಗೆ ಇಟ್ಟುಕೊಂಡು ಒತ್ತಿದ. ಮತ್ತೆ ಟಕ್.

ಆಮೇಲೆ ನೆಲದ ಮೇಲೆ ಕೂತುಬಿಟ್ಟ. ನಾನು ಅವನ ಕೈಯಿಂದ ಅದನ್ನು ಬಿಡಿಸಿಕೊಂಡೆ. ಬೆರಳು ಒಂದೊಂದೇ ಬಿಡಿಸಬೇಕಾಯಿತು. ಆಗ ಅವನು ಹೇಳಿದ್ದನ್ನು ನಿನಗೆ ಬರೆಯಬಾರದೆಂದು ಮೂರು ದಿನ ಒದ್ದಾಡಿದೆ. ಮುಚ್ಚಿಟ್ಟು ಮುಚ್ಚಿಟ್ಟೇ ಇಲ್ಲಿಗೆ ಬಂದಿದ್ದೇನೆ, ಆದ್ದರಿಂದ ಬರೆಯುತ್ತೇನೆ.

"ಎರಡೇ ಸಾಕಿತ್ತಪ್ಪಾ. ಅವಳಿಗೊಂದು, ನನಗೊಂದು. ನೀನ್ಯಾಕೆ ಮಧ್ಯೆ ಬಂದೆ?"

ಎರಡು ಗುಂಡು ಸಾಲದು ಎಂದು ನಿನಗೆ ಬರೆದಿದ್ದವನು ನಾನು.

ಟವೆಲಿನಲ್ಲಿ ಸುತ್ತಿಕೊಂಡು ಖಾಸಿಂ ಹತ್ತಿರ ನಡೆದು ಬಂದೆ. ಪೊಲೀಸರಿಗೆ ಫೋನು ಮಾಡು ಎಂದೆ. ಅವನು ಏನನ್ನೂ ಕೇಳದೆ ಮಾಡಿದ. ಅವರು ಹೋದಾಗ ಲೋಹಿತ ಗ್ಯಾರೇಜಿನಲ್ಲಿ ಅದೇ ಜಾಗದಲ್ಲಿ ಕೂತಿದ್ದನಂತೆ.

ಈ ಕಾಗದ ತಲುಪುವಷ್ಟರಲ್ಲಿ ವಿಚಾರಣೆಯ ದಿನ ಬಂದಿರುತ್ತದೆ. ನಾನು ಬರುತ್ತೇನೆ.

ಚೆಲುವರಾಜು

೫ ಜನವರಿ ೨೦೨೫

ರಂಜನಿಗೆ,

ಲೋಹಿತನನ್ನು ಕೋರ್ಟಿನ ಒಳಗೆ ಕರೆತಂದಾಗ ನೀನು ಎದ್ದು ಹೊರಗೆ ಹೋದೆ. ನಿನ್ನ ಲಾಯರಮ್ಮ ಹಿಂದೆಯೇ ಹೋಗಿ ಒಬ್ಬಳೇ ವಾಪಸು ಬಂದಳು. ಆದ್ದರಿಂದ ನನ್ನ ಸಾಕ್ಷಿ ನೀನು ಕೇಳಲಿಲ್ಲ. ಆದೇಶ ಐದು ವರ್ಷಕ್ಕೆ ಆಗಿದೆ, ಅದು ನಿನಗೆ ಗೊತ್ತು. ನಾನು ಹೇಳಿದ್ದೇನು ಎಂಬುದೂ ಗೊತ್ತಿರಲಿ.

ನವೆಂಬರ್ ಮೊದಲ ವಾರವೇ ಪಿಸ್ತೂಲು ಕಂಡವರು ಡಿಸೆಂಬರ್‌ವರೆಗೆ ಏಕೆ ಸುಮ್ಮನಿದ್ದಿರಿ, ಹಾಗಾದರೆ ನಿಮ್ಮ ಮಾತು ಹೇಗೆ ನಂಬುವುದು ಎಂದು ಅವನ ಲಾಯರು ಕೇಳಿದ. ದುಭಾಷಿಯಾಗಿ ಬಂದಿದ್ದ ಹುಡುಗಿ ಅದನ್ನು ಕನ್ನಡದಲ್ಲಿ ಮೆಲ್ಲಗೆ ಹೇಳಿದಳು. ನಾನು ಎದ್ದು ನಿಂತು ಹೇಳಿದೆ:

"ನವೆಂಬರ್‌ನಿಂದಲ್ಲ ಸ್ವಾಮಿ, ಮಾರ್ಚಿನಿಂದ ಸುಮ್ಮನಿದ್ದೀನಿ. ಸೊಸೆ ಕೈ ಮುರಿದೋನು ನನ್ನ ಮಗ. ಜಾರಿ ಬಿದ್ದಳು ಅಂತ ಡಾಕ್ಟರಿಗೆ ಸುಳ್ಳು ಹೇಳಿದೋನು ನಾನು."

ಆ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಜಡ್ಜು ಬರೆದುಕೊಂಡರು. ಲೋಹಿತ ತಲೆ ತಗ್ಗಿಸಿಯೇ ಇದ್ದ. ಅವನ ತಲೆಯ ಸುಳಿ ಚಿಕ್ಕಂದಿನಲ್ಲಿ ಇದ್ದ ಹಾಗೆಯೇ ಇದೆ.

ಗೌರಮ್ಮ ಆ ಮನೆಯಲ್ಲೇ ಇದ್ದಾಳೆ. ವಾರಕ್ಕೊಮ್ಮೆ ಜೈಲಿಗೆ ಹೋಗಿ ಅವನನ್ನು ನೋಡಿ ಬರುತ್ತಾಳೆ. ನನ್ನನ್ನು ಮನೆಯೊಳಗೆ ಬಿಡುವುದಿಲ್ಲ. ಬಟ್ಟೆ ತರಲು ಹೋದಾಗ ಬಾಗಿಲ ಸಂದಿಯಿಂದ ಒಂದೇ ಮಾತು ಹೇಳಿದಳು: "ಬಂದೂಕಿನ ಬಾಯಿ ಕಟ್ದೋರು ನಿಮ್ಮ ಬಾಯೂ ಕಟ್ಕಂಡಿದ್ರೆ ನನ್ ಮಗ ಮನೇಲಿರ್ತಿದ್ದ." ಅವಳು ಹೇಳುವುದು ನಿಜ. ಅವನು ಮನೆಯಲ್ಲಿರುತ್ತಿದ್ದ, ನೀನಿರುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಲು ಹೋದೆ, ಬಾಗಿಲು ಮುಚ್ಚಿತು. ನಲವತ್ತೆರಡು ವರ್ಷದ ಸಂಸಾರ.

ನಾನು ಖಾಸಿಂಗೆ ಬೆಳಿಗ್ಗೆ ತರಕಾರಿ ಇಳಿಸಿಕೊಡುತ್ತೇನೆ. ಬೇಡವೆನ್ನುತ್ತಾನೆ, ಕೈ ಸುಮ್ಮನಿದ್ದರೆ ಗ್ಯಾರೇಜು ಕಣ್ಣ ಮುಂದೆ ಬರುತ್ತದೆ.

ನಿಸರ್ಗಾಳನ್ನು ಒಮ್ಮೆ ನೋಡಬೇಕು. ಕೇಳುವ ಯೋಗ್ಯತೆಯಿಲ್ಲ. ಆಗದು ಎಂದರೆ ಉತ್ತರ ಬರೆಯಬೇಡ, ಅರ್ಥ ಮಾಡಿಕೊಳ್ಳುತ್ತೇನೆ.

ಚೆಲುವರಾಜು

೨೮ ಜನವರಿ ೨೦೨೫

ಮಾವನವರಿಗೆ,

ನಿಮ್ಮ ಎರಡು ಕಾಗದಗಳೂ ನನ್ನ ಬಳಿ ಇವೆ. ಡಿಸೆಂಬರಿನದನ್ನು ಒಂದೇ ಸಲ ಓದಿದ್ದೇನೆ. ಇನ್ನೊಮ್ಮೆ ಓದಲು ಆಗುವುದಿಲ್ಲ.

ಕೋರ್ಟಿನಲ್ಲಿ ನೀವು ಹೇಳಿದ್ದನ್ನು ಲಾಯರು ಆ ದಿನವೇ ಹೇಳಿದರು. ನನಗೆ ಸಂತೋಷವಾಗಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೂತು, ಮಾರ್ಚಿನಲ್ಲೇ ಇದನ್ನು ಹೇಳಿದ್ದರೆ ಎಷ್ಟು ಜನ ಉಳಿಯುತ್ತಿದ್ದೆವು ಅಂತ ಎಣಿಸುತ್ತಿದ್ದೆ. ಲೋಹಿತ್ ಕೂಡ. ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ನೀವು ಕೇಳಿಲ್ಲ, ಅದು ಒಳ್ಳೆಯದಾಯಿತು. ನನಗೇ ಗೊತ್ತಿಲ್ಲ.

ಅಂಗಡಿಯವನು ಪಿಸ್ತೂಲನ್ನು ಒಂದು ತಿಂಗಳು ಇಟ್ಟುಕೊಂಡಿದ್ದ. ಅಷ್ಟರೊಳಗೆ ಒಯ್ಯದಿದ್ದರೆ ಅರ್ಜಿ ರದ್ದು. ಕೊನೆಯ ದಿನ ಅಂಗಡಿಯ ಮುಂದೆ ಕಾರಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದು ವಾಪಸು ಬಂದೆ. ಧೈರ್ಯ ಬಂತು ಅಂತಲ್ಲ. ಮನೆಯಲ್ಲಿ ಅದನ್ನು ಎಲ್ಲಿಟ್ಟರೂ ನಿಸರ್ಗಾಳ ಕೈಗೆಟಕುತ್ತದೆ, ಎಟಕದ ಕಡೆ ಇಟ್ಟರೆ ನನಗೂ ಎಟಕುವುದಿಲ್ಲ. ಇನ್ನೆಂದೂ ಕೊಳ್ಳುವುದಿಲ್ಲ ಅಂತ ಮಾತು ಕೊಡಲಾರೆ. ಅವನು ಜೈಲಿನಿಂದ ಹೊರಬರುವ ದಿನ ಮತ್ತೆ ಯೋಚಿಸುತ್ತೇನೆ.

ಫೆಬ್ರವರಿ ಎಂಟು, ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ ಬರ್ಕ್ಲಿಯ ಲೈಬ್ರರಿಗೆ ಬನ್ನಿ. ಫ್ರೀಮಾಂಟ್‌ನಲ್ಲಿ ಬಾರ್ಟ್ ರೈಲು ಹತ್ತಿದರೆ ಎಲ್ಲಿಯೂ ಬದಲಿಸಬೇಕಿಲ್ಲ. ಒಬ್ಬರೇ ಬನ್ನಿ. ಅತ್ತೆಗೆ ತಿಳಿಸಬೇಡಿ. ಅವರ ಮೇಲೆ ನನಗೆ ಕೋಪವಿಲ್ಲ, ಆದರೆ ಅವರು ಜೈಲಿಗೆ ಹೋದಾಗ ಅವನಿಗೆ ಹೇಳುತ್ತಾರೆ. ನಾವು ಅಲ್ಲಿ ವಾಸವಿಲ್ಲ, ಹಿಂದೆ ಹಿಂದೆ ಬಂದು ನೋಡಬೇಡಿ.

ಮಕ್ಕಳ ವಿಭಾಗದಲ್ಲಿ ಚಿಕ್ಕ ಚಿಕ್ಕ ಕುರ್ಚಿಗಳಿವೆ. ಮೂಲೆಯದರಲ್ಲಿ ಕೂತಿರಿ. ನಿಸರ್ಗಾಳನ್ನು ಹೆಸರು ಹಿಡಿದು ಕರೆಯಬೇಡಿ, ಎತ್ತಿಕೊಳ್ಳಲು ಹೋಗಬೇಡಿ. ಈಗೀಗ ಗಂಡಸರು ಕೈ ಚಾಚಿದರೆ ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ. ಸ್ಕೂಲಿನಲ್ಲಿ ಮೇಷ್ಟ್ರು ಪೆನ್ಸಿಲು ಕೊಡಲು ಬಂದಾಗಲೂ ಹಾಗೇ ಮಾಡಿದಳು. ನೀವು ಯಾವುದಾದರೂ ಪುಸ್ತಕ ತೆರೆದುಕೊಂಡು, ಎರಡು ಕೈಯನ್ನೂ ಅದರ ಮೇಲೆ ಅವಳಿಗೆ ಕಾಣುವ ಹಾಗೆ ಇಟ್ಟುಕೊಂಡು, ಸುಮ್ಮನೆ ಕಾಯಿರಿ. ಬಂದರೆ ಅವಳೇ ಬರುತ್ತಾಳೆ. ಬರದಿದ್ದರೆ ಹನ್ನೆರಡಕ್ಕೆ ಎದ್ದು ಹೋಗಿ.

ರಂಜನಿ